ಐಸಿಯು ಇನ್‌ಚಾರ್ಜ್ ಆದ ಮೇಲೆ ನಿದ್ದೆಯೇ ಇಲ್ಲ, ಬಿಟ್ಟು ಎಂಎಸ್ಸಿ ಮಾಡಲೇ?

ಆರು ವರ್ಷ ಐಸಿಯುನಲ್ಲಿ ಸ್ಟಾಫ್ ನರ್ಸ್ ಆಗಿದ್ದೆ, ಎರಡು ತಿಂಗಳಿಂದ ಇನ್‌ಚಾರ್ಜ್, ಅಂದರೆ ಉಳಿದ ನರ್ಸ್‌ಗಳ ಡ್ಯೂಟಿ ಹಾಕುವ ಜವಾಬ್ದಾರಿ, ಮನೆಗೆ ಬಂದರೂ ಮಾನಿಟರ್ ಸದ್ದು ಕಿವಿಯಲ್ಲೇ ಇರುತ್ತದೆ, ಎಂಎಸ್ಸಿ ಮಾಡಿ ಪಾಠ ಹೇಳಲು ಹೋಗಲೇ ಅಂತ ಕೇಳಿದ್ದೀರಿ. ನಾನೂ ಜಿಎನ್‌ಎಂ ಅನ್ನುವ ನರ್ಸಿಂಗ್ ಡಿಪ್ಲೊಮಾ ಮುಗಿಸಿ, ಕೆಲಸಕ್ಕೆ ಸೇರಿ, ಆಮೇಲೆ ಡಿಪ್ಲೊಮಾ ಆದವರು ಮಾಡುವ ಪೋಸ್ಟ್ ಬೇಸಿಕ್ ಬಿಎಸ್ಸಿ ಪದವಿ ಮಾಡಿ ಇನ್‌ಚಾರ್ಜ್ ಆದವಳು. ಓದಿನ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ನಿಮ್ಮ ಡ್ಯೂಟಿ ಚಾರ್ಟ್ ತೆಗೆದು ನೋಡಿ.

ನಾನು ಇನ್‌ಚಾರ್ಜ್ ಆದ ಮೊದಲ ವರ್ಷ. ಒಂದು ದಿನ ಬೇಗ ಬಂದಿದ್ದೆ, ನೈಟ್‌ನವರು ಇನ್ನೂ ಹ್ಯಾಂಡ್‌ಓವರ್ ಕೊಟ್ಟಿರಲಿಲ್ಲ. ಜೂನಿಯರ್ ಹುಡುಗಿಯೊಬ್ಬಳು ಆಂಟಿಬಯೋಟಿಕ್ ವಯಲ್ ಮುಂದಿಟ್ಟುಕೊಂಡು ಸಿರಿಂಜ್ ತುಂಬುತ್ತಿದ್ದಳು. ಅವಳ ಕೈಯಲ್ಲಿದ್ದದ್ದು ಔಷಧಿ ಕರಗಿಸುವ ಡಿಸ್ಟಿಲ್ಡ್ ವಾಟರ್ ಅಲ್ಲ, ಪೊಟ್ಯಾಸಿಯಂ ಕ್ಲೋರೈಡ್. ಡೈಲ್ಯೂಟ್ ಮಾಡದೆ ರಕ್ತನಾಳಕ್ಕೆ ಕೊಟ್ಟರೆ ಹೃದಯ ನಿಂತುಹೋಗುತ್ತದೆ. ಕೈ ಹಿಡಿದು ನಿಲ್ಲಿಸಿದೆ, ಎಲ್ಲರೆದುರು ಕೂಗಾಡಿದೆ. ಅವಳು 'ಸಾರಿ ಮೇಡಂ' ಅಂದು ಸುಮ್ಮನೆ ನಿಂತಳು.

ಮಧ್ಯಾಹ್ನ ಚಾರ್ಟ್ ತೆಗೆದೆ. ಹನ್ನೊಂದು ದಿನದಿಂದ ಅವಳಿಗೆ ಒಂದೂ ಆಫ್ ಇರಲಿಲ್ಲ, ನಡುವೆ ಎರಡು ಡಬಲ್ ಡ್ಯೂಟಿ ಬೇರೆ. ಬರೆದವಳು ನಾನು. ರಜೆ ಕೇಳಿದವರಿಗೆಲ್ಲ ಇಲ್ಲ ಅನ್ನಲಾಗದೆ, ಖಾಲಿ ಬಿದ್ದ ಶಿಫ್ಟ್‌ಗಳನ್ನೆಲ್ಲ ಬಾಯಿ ತೆರೆಯದ ಆ ಹುಡುಗಿಯ ಮೇಲೆ ಹಾಕಿದ್ದೆ.

ಮರುದಿನ ಹ್ಯಾಂಡ್‌ಓವರ್‌ನಲ್ಲಿ ಅದೇ ಜನರೆದುರು ಅವಳ ಕ್ಷಮೆ ಕೇಳಿದೆ. ಪೊಟ್ಯಾಸಿಯಂ ಆಂಪೂಲ್‌ಗಳನ್ನು ಬೇರೆ ಪೆಟ್ಟಿಗೆಗೆ ಹಾಕಿ ಬೀಗ ಹಾಕಿಸಿದೆ, ಇಬ್ಬರು ನೋಡದೆ ಲೋಡ್ ಮಾಡುವಂತಿಲ್ಲ ಅಂದೆ. ಇನ್ಸಿಡೆಂಟ್ ರಿಪೋರ್ಟ್ ಜೊತೆ ಆ ಚಾರ್ಟಿನ ಪ್ರತಿಯನ್ನೂ ಲಗತ್ತಿಸಿ ನರ್ಸಿಂಗ್ ಸೂಪರಿಂಟೆಂಡೆಂಟ್‌ಗೆ ಕೊಟ್ಟೆ. ಸುಮ್ಮನೆ 'ಸ್ಟಾಫ್ ಸಾಲದು' ಅಂದರೆ ಯಾರೂ ಕೇಳುವುದಿಲ್ಲ. ವೆಂಟಿಲೇಟರ್ ಮೇಲೆ ಎಷ್ಟು ರೋಗಿಗಳು, ಆ ಶಿಫ್ಟ್‌ನಲ್ಲಿ ಎಷ್ಟು ಮಂದಿ ನರ್ಸ್‌ಗಳು ಅಂತ ದಿನವೂ ಬರೆದಿಟ್ಟೆ. ವೆಂಟಿಲೇಟರ್ ರೋಗಿ ಒಬ್ಬರಿಗೆ ಒಬ್ಬ ನರ್ಸ್ ಬೇಕು ಅನ್ನುವ ನಿಯಮವನ್ನು ಆ ಲೆಕ್ಕದ ಪಕ್ಕದಲ್ಲೇ ಇಟ್ಟೆ. ನಾಲ್ಕನೇ ತಿಂಗಳು ಇಬ್ಬರನ್ನು ಕೊಟ್ಟರು. ಸಾಲಲಿಲ್ಲ, ಆದರೂ ನೈಟ್ ಮುಗಿಸಿದವರಿಗೆ ಆಫ್ ತಪ್ಪದಂತೆ ನೋಡಿಕೊಳ್ಳಲು ಆಯಿತು.

2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಬರ್ನ್‌ಔಟ್ ಅನ್ನು ವಿವರಿಸಿದಾಗ ಅದನ್ನು ಕಾಯಿಲೆ ಅನ್ನಲಿಲ್ಲ, ನಿಭಾಯಿಸದೇ ಬಿಟ್ಟ ಕೆಲಸದ ಒತ್ತಡದಿಂದ ಬರುವುದು ಅಂದಿತು. ಸುಸ್ತು, ಕೆಲಸದ ಮೇಲೆ ಬೇಸರ, ನನ್ನ ಕೈಲಿ ಏನೂ ಆಗುತ್ತಿಲ್ಲ ಅನ್ನುವ ಭಾವನೆ, ಈ ಮೂರನ್ನು ಅದರ ಲಕ್ಷಣಗಳೆಂದು ಸಂಸ್ಥೆ ಹೇಳಿದೆ. ನೀವು ಬರೆದಿರುವುದರಲ್ಲಿ ನನಗೆ ಮೊದಲನೆಯದು ಮಾತ್ರ ಕಾಣುತ್ತಿದೆ. ರೋಗಿಗಳ ಬಗ್ಗೆ ನೀವು ಬರೆದ ರೀತಿಯಲ್ಲಿ ಬೇಸರದ ಸುಳಿವೇ ಇಲ್ಲ.

ಈಗ ಓದು. ಪಾಠ ಮಾಡುವುದು ನಿಜವಾಗಿಯೂ ಇಷ್ಟವಿದ್ದರೆ ಎಂಎಸ್ಸಿ ಖಂಡಿತ ಮಾಡಿ. ರೋಗಿಯ ಹಾಸಿಗೆ ಪಕ್ಕದ ಕೆಲಸವೇ ಇಷ್ಟವಾದರೆ, ಬಿಎಸ್ಸಿ ಆದವರಿಗೆ ಭಾರತೀಯ ನರ್ಸಿಂಗ್ ಕೌನ್ಸಿಲ್‌ನ ನರ್ಸ್ ಪ್ರಾಕ್ಟೀಷನರ್ ಇನ್ ಕ್ರಿಟಿಕಲ್ ಕೇರ್ ಅನ್ನುವ 2 ವರ್ಷದ ರೆಸಿಡೆನ್ಸಿ ಕೋರ್ಸ್ ಇದೆ. ಐಸಿಯುನಲ್ಲೇ ಇದ್ದು ಕಲಿಯುವ ಓದು ಅದು, ನಿಮ್ಮ ಆರು ವರ್ಷ ಅಲ್ಲಿ ಕೆಲಸಕ್ಕೆ ಬರುತ್ತದೆ. ಆದರೆ ನಿದ್ದೆಗೆಟ್ಟ ಈ ತಿಂಗಳಲ್ಲಿ ರಾಜೀನಾಮೆ ಬರೆಯಬೇಡಿ.

ಆಫ್ ಸಿಕ್ಕಿದ ಮೇಲೂ ನಿದ್ದೆ ಬರದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ದುಡ್ಡಿಲ್ಲ, ರಾತ್ರಿಯೂ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡಬಹುದು. ಇನ್ನು ಮುಂದಿನ ತಿಂಗಳ ಚಾರ್ಟ್ ಹಾಕುವಾಗ ಮೊದಲು ಎಲ್ಲರ ಆಫ್ ಗುರುತು ಹಾಕಿ, ಶಿಫ್ಟ್ ಆಮೇಲೆ ತುಂಬಿ. ನಿಮ್ಮ ಹೆಸರಿನ ಮುಂದೆಯೂ ಆಫ್ ಬರೆಯಿರಿ, ಆ ದಿನ ಬೆಡ್ ಯಾರ ಜವಾಬ್ದಾರಿ ಅಂತ ಅವರ ಹೆಸರನ್ನೂ ಬರೆಯಿರಿ.