ಬಿಳಿ ಬಣ್ಣ ಸೊನ್ನೆಗೇ ಇರಲಿ

ಪ್ರಶ್ನೆ: ಚಿತ್ರದುರ್ಗ ಜಿಲ್ಲೆಯಲ್ಲಿ ಮಳೆ ವಾಡಿಕೆಗಿಂತ ಶೇಕಡಾ ಎಷ್ಟು ಹೆಚ್ಚು, ಎಷ್ಟು ಕಡಿಮೆ ಎಂದು ತೋರಿಸುವ ನಕ್ಷೆ ಮಾಡುತ್ತಿದ್ದೇನೆ. ಪೈಥಾನ್‌ನಲ್ಲಿ ನಕ್ಷೆ ಬಿಡಿಸುವ ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲಿ ಕೆಂಪು, ಬಿಳಿ, ನೀಲಿ ಕೊಟ್ಟು ನನ್ನದೇ ಕಲರ್‌ಮ್ಯಾಪ್ (ಅಂಕಿಗೆ ತಕ್ಕ ಬಣ್ಣಗಳ ಪಟ್ಟಿ) ಮಾಡಿದೆ. ಅಂಕಿಗಳು -70ರಿಂದ +20ರವರೆಗೆ ಇವೆ. ಕೊರತೆ ಇರುವ ಹೋಬಳಿಗಳೂ ಬಿಳಿಯಾಗಿ ಬರುತ್ತಿವೆ. ಯಾಕೆ? – ಎಂಟೆಕ್ ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ಪ್ರತಿ ಮಳೆಗಾಲ ಮುಗಿದ ಮೇಲೆ ಇದೇ ಪ್ರಶ್ನೆ ಬರುತ್ತದೆ! ನೋಡಮ್ಮಾ, ಬಿಳಿ ಎಂದರೆ ಸೊನ್ನೆ ಅಂತ ನಿಮಗೆ ಗೊತ್ತು, ಸಾಫ್ಟ್‌ವೇರ್‌ಗೆ ಗೊತ್ತಿಲ್ಲ. ನೀವು ಹೇಳದಿದ್ದರೆ ಅದು ಅಂಕಿಗಳ ನಟ್ಟನಡುವೆ ಬಿಳಿ ಇಡುತ್ತದೆ. -70 ಮತ್ತು +20ರ ನಡು -25. ಹವಾಮಾನ ಇಲಾಖೆಯ ಲೆಕ್ಕದಲ್ಲಿ -19ರಿಂದ +19 ಸಾಮಾನ್ಯ, -20ರಿಂದ -59 ಕೊರತೆ. ಅಂದರೆ ಕೊರತೆಯ ಹೋಬಳಿಯನ್ನು ನಿಮ್ಮ ನಕ್ಷೆ 'ಎಲ್ಲ ಸರಿಯಿದೆ' ಎಂದು ತೋರಿಸುತ್ತಿದೆ. ಚಳ್ಳಕೆರೆಯ ಶೇಂಗಾ ರೈತರಿಗೆ ಅದನ್ನು ತೋರಿಸಬೇಡಿ.

ಪರಿಹಾರ ಒಂದೇ ಸಾಲು: ವಿಮಿನ್ (ಬಣ್ಣದ ಪಟ್ಟಿಯ ಕೆಳತುದಿ) -70, ವಿಮ್ಯಾಕ್ಸ್ (ಮೇಲ್ತುದಿ) +70. ಆಗ ನಟ್ಟನಡುವೆ ಸೊನ್ನೆ. ಕಡುನೀಲಿ ಎಲ್ಲೂ ಕಾಣದಿದ್ದರೆ ಕಾಣದಿರಲಿ, ಅಷ್ಟು ಮಳೆ ಬಂದಿಲ್ಲ ಅಲ್ವಾ. 'ಟೂಸ್ಲೋಪ್‌ನಾರ್ಮ್ ಹಾಕಿ' ಎಂದು ಯಾರೋ ಹೇಳುತ್ತಾರೆ. ಅದು ಸೊನ್ನೆಯ ಆ ಕಡೆ, ಈ ಕಡೆ ಬೇರೆ ಬೇರೆ ಅಳತೆ ಹಿಡಿಯುತ್ತದೆ. ಅದರಲ್ಲಿ ಬಿಳಿ ಸೊನ್ನೆಗೆ ಬರುತ್ತದೆ, ನಿಜ. ಆದರೆ -70ಕ್ಕೆ ಎಷ್ಟು ಗಾಢ ಬಣ್ಣವೋ +20ಕ್ಕೂ ಅಷ್ಟೇ. ಮಳೆ ನಕ್ಷೆಗೆ ನಾನಂತೂ ಅದನ್ನು ಬಳಸುವುದಿಲ್ಲ.

ಇನ್ನು ನೀವೇ ಆರಿಸಿದ ಬಣ್ಣಗಳು. ಶುದ್ಧ ನೀಲಿ ಶುದ್ಧ ಕೆಂಪಿಗಿಂತ ತುಂಬಾ ಗಾಢ. ಹಾಗಾಗಿ ಸೊನ್ನೆಯಿಂದ ಅಷ್ಟೇ ದೂರದ ಹೆಚ್ಚಳ ಕೊರತೆಗಿಂತ ದೊಡ್ಡದಾಗಿ ಕಾಣುತ್ತದೆ. ಎರಡೂ ತುದಿಯ ಗಾಢತೆ ಒಂದೇ ಇರಬೇಕು, ನಡುವಿನಿಂದ ತುದಿಯವರೆಗೆ ಅದು ಒಂದೇ ಸಮನೆ ಏರಬೇಕು. ಬಣ್ಣದ ಕೋಡುಗಳನ್ನು ಸುಮ್ನೆ ಊಹಿಸಿ ಬರೆದರೆ ಇದು ಸಿಗಲ್ಲ. ಸಿಐಇ ಲ್ಯಾಬ್ ಎಂಬ ಬಣ್ಣದ ಅಳತೆಯಲ್ಲಿ ಎಲ್ ಬೆಲೆ (ಬಣ್ಣ ಎಷ್ಟು ತಿಳಿ ಎಂಬುದು) ನೋಡಿ ಆರಿಸಿ. ಅಷ್ಟು ಪುರುಸೊತ್ತಿಲ್ಲದಿದ್ದರೆ ಬಿಆರ್‌ಬಿಜಿ ಎಂಬ ಕಲರ್‌ಮ್ಯಾಪ್ ಸಿದ್ಧವಾಗಿದೆ. ಒಣ ಕಡೆ ಕಂದು, ಮಳೆ ಕಡೆ ನೀಲಿ ಬೆರೆತ ಹಸಿರು. ಕೆಂಪು-ಹಸಿರು ಬೇರೆ ಮಾಡಿ ನೋಡಲಾಗದವರಿಗೂ ತಿಳಿಯುತ್ತದೆ.

ಮಳೆ ಮಾಪಕ ಕೆಟ್ಟ ಕಡೆ ಸೊನ್ನೆ ತುಂಬಿದ್ದೀರಾ? ಹಾಗಿದ್ದರೆ ಮೊದಲು ತೆಗೆಯಿರಿ. ಈ ನಕ್ಷೆಯಲ್ಲಿ ಸೊನ್ನೆ ಎಂದರೆ ವಾಡಿಕೆಯಷ್ಟೇ ಮಳೆ. ಅಲ್ಲಿ ಖಾಲಿ ಬಿಟ್ಟು, ಅಂಕಿ ಇಲ್ಲದ ಜಾಗಕ್ಕೆ ಬಣ್ಣ ಕೊಡುವ ಸೆಟ್‌ಬ್ಯಾಡ್‌ನಿಂದ ಬೂದು ಕೊಡಿ.

ಪ್ರಶ್ನೆ: ಕಾಮನಬಿಲ್ಲಿನಂಥ ಜೆಟ್ ಕಲರ್‌ಮ್ಯಾಪ್‌ನಲ್ಲಿ ಬಣ್ಣ ಜಾಸ್ತಿ, ಹಾಗಾಗಿ ವಿವರವೂ ಜಾಸ್ತಿ ಎಂದು ಯೂಟ್ಯೂಬ್‌ನಲ್ಲಿ ಹೇಳುತ್ತಾರೆ. – ಹೊಳಲ್ಕೆರೆ

ಉತ್ತರ: ವಿವರ ಅಲ್ಲ, ಅಂಕಿಗಳಲ್ಲಿ ಇಲ್ಲದ ಗಡಿಗಳು ಜಾಸ್ತಿ. ಕಪ್ಪು-ಬಿಳುಪು ಜೆರಾಕ್ಸ್ ತೆಗೆಸಿ ನೋಡಿ, ಅತಿ ಕಡಿಮೆಯೂ ಅತಿ ಹೆಚ್ಚೂ ಎರಡೂ ಕಪ್ಪು. ಮ್ಯಾಟ್‌ಲ್ಯಾಬ್ ಸಾಫ್ಟ್‌ವೇರ್ 2014ರಲ್ಲೇ ಜೆಟ್ ಬಿಟ್ಟು ಪರುಲಾ ಎಂಬ ಕಲರ್‌ಮ್ಯಾಪ್ ಹಿಡಿಯಿತು. ಮ್ಯಾಟ್‌ಪ್ಲಾಟ್‌ಲಿಬ್ 2017ರಲ್ಲಿ ವಿರಿಡಿಸ್‌ಗೆ ಬಂತು. ಈ ಯೂಟ್ಯೂಬ್ ಗುರುಗಳಿಗೆ ಇನ್ನೂ ಸುದ್ದಿ ತಲುಪಿಲ್ಲ.

ಪ್ರಶ್ನೆ: ಪ್ರಾಜೆಕ್ಟ್ ಮಾಡಿಕೊಡುವ ಅಂಗಡಿಯವರು 'ವೈಜ್ಞಾನಿಕ ಕಲರ್‌ಮ್ಯಾಪ್'ಗೆ ಬೇರೆ ದುಡ್ಡು ಕೇಳುತ್ತಿದ್ದಾರೆ. ಕೊಡಲೇ? – ದಾವಣಗೆರೆ

ಉತ್ತರ: ವಿರಿಡಿಸ್ ಪುಕ್ಕಟೆ. ಪ್ರಾಜೆಕ್ಟ್ ನೀವೇ ಮಾಡಿ.

ಪ್ರಶ್ನೆ: ಬೋರ್‌ವೆಲ್ ನೀರಿನ ಫ್ಲೋರೈಡ್ ನಕ್ಷೆಗೆ ಎಷ್ಟು ಬಣ್ಣ ಬೇಕು? – ಮೊಳಕಾಲ್ಮುರು

ಉತ್ತರ: ಮೂರು ಸಾಕು. ಭಾರತೀಯ ಮಾನಕದಲ್ಲಿ ಲೀಟರಿಗೆ 1 ಮಿಲಿಗ್ರಾಂ ಸರಿ, ಬೇರೆ ನೀರಿಲ್ಲದಿದ್ದರೆ 1.5ರವರೆಗೆ. ಅಂಕಿಗಳನ್ನು ಗುಂಪುಗಳಾಗಿ ಒಡೆಯುವ ಬೌಂಡರಿನಾರ್ಮ್‌ನಲ್ಲಿ ಈ ಎರಡು ಕಡೆ ಗೆರೆ ಎಳೆಯಿರಿ. 1.5 ದಾಟಿದ ಊರು ದೂರದಿಂದಲೇ ಕಾಣಬೇಕು.