ಮಳೆಗಾಲದ ಕುದುರೆಮುಖಕ್ಕೆ ವಾಟರ್‌ಪ್ರೂಫ್ ಬೂಟು ಬೇಕಾ?

ಜುಲೈನಲ್ಲಿ ಕುದುರೆಮುಖ, ಡಿಸೆಂಬರ್‌ನಲ್ಲಿ ಉತ್ತರಾಖಂಡದ ಕೇದಾರಕಂಠ ಚಾರಣ, ಎರಡಕ್ಕೂ ಒಂದೇ ವಾಟರ್‌ಪ್ರೂಫ್ ಬೂಟು ಸಾಕಾ, ಇಲ್ಲ ಅಮೆರಿಕದ ಬೇಟೆ ಬೂಟು ತರಿಸಲಾ ಅಂತ ಕೇಳಿದ್ದೀರಿ.

ಬೇಟೆ ಬೂಟು ಖಂಡಿತ ಬೇಡ. ಅದರಲ್ಲಿ ಬಹಳಷ್ಟು ಚಳಿಯಲ್ಲಿ ಗಂಟೆಗಟ್ಟಲೆ ಒಂದೇ ಕಡೆ ಕೂರುವವರಿಗೆ ಮಾಡಿದ್ದು. ಒಳಗೆ 400 ಗ್ರಾಂ, 800 ಗ್ರಾಂ ಅಂತ ಥಿನ್ಸುಲೇಟ್ ಅನ್ನುವ, ಕಾಲು ಬೆಚ್ಚಗಿಡುವ ಪದರ ಇರುತ್ತದೆ (ಅದು ಬೂಟಿನ ತೂಕ ಅಲ್ಲ, ಒಂದು ಚದರ ಮೀಟರ್ ಪದರದ ತೂಕ). ಘಟ್ಟದ ಸೆಕೆಯಲ್ಲಿ ಅದನ್ನು ಹಾಕಿಕೊಂಡು ಹತ್ತಿದರೆ ಕಾಲು ಬೆವರಲ್ಲೇ ನೆನೆಯುತ್ತದೆ.

ಇನ್ನು ವಾಟರ್‌ಪ್ರೂಫ್. ಕುದುರೆಮುಖದ ಚಾರಣ ಶುರುವಾಗುವ ಮುಳ್ಳೋಡಿಯಿಂದ ಹೊರಟರೆ ಹಳ್ಳದ ಮೇಲೆ ಹಳ್ಳ ಸಿಗುತ್ತವೆ, ಮಳೆ ಜೋರಿದ್ದರೆ ನೀರು ಬೂಟಿನ ಬಾಯಿ ದಾಟಿ ಮೇಲೆ ಬರುತ್ತದೆ, ಹಳ್ಳ ಇಲ್ಲದ ಕಡೆ ಒದ್ದೆ ಪ್ಯಾಂಟಿನಿಂದ ಕಾಲ್ಚೀಲಕ್ಕೆ ಇಳಿಯುತ್ತದೆ. ಹೊರಗಿನ ನೀರನ್ನು ತಡೆಯುವ ಪದರ ಒಳಗೆ ಹೋದ ನೀರನ್ನೂ ಹೊರಗೆ ಬಿಡುವುದಿಲ್ಲ. ಸಂಜೆವರೆಗೂ ಪಚಪಚ ಅಂತ ನಡೆಯಬೇಕು. ಹಾಗಾಗಿ ಅಲ್ಲಿಗೆ ಬೇಗ ಒಣಗುವ ಜಾಲರಿ ಬಟ್ಟೆಯ ಶೂ ಒಳ್ಳೆಯದು. ಅಡಿಯಲ್ಲಿ ಮೆತ್ತನೆಯ ರಬ್ಬರ್, ದೂರ ದೂರ ಇರುವ ಆಳವಾದ ಕಚ್ಚುಗಳು ಇರಲಿ, ಕಚ್ಚು ಹತ್ತಿರ ಇದ್ದರೆ ಕೆಸರು ತುಂಬಿಕೊಂಡು ಜಾರುತ್ತದೆ. ಪಾಚಿ ಕಟ್ಟಿದ ಬಂಡೆಯ ಮೇಲೆ ಮಾತ್ರ ಯಾವ ಶೂವನ್ನೂ ಪೂರ್ತಿ ನಂಬಬೇಡಿ. ಇಂಬಳಕ್ಕೆ ಬೇರೆ ಲೀಚ್ ಸಾಕ್ಸ್ ಸಿಗುತ್ತದೆ, ಮೊಣಕಾಲಿನವರೆಗೆ ಬರುವಂಥದ್ದು, ಅದು ಮರೆಯಬೇಡಿ.

ಕೇದಾರಕಂಠ ಬೇರೆಯದೇ ಲೆಕ್ಕ. ಸುಮಾರು 3,800 ಮೀಟರ್ ಎತ್ತರ, ಡಿಸೆಂಬರ್‌ನಲ್ಲಿ ಹಿಮ. ಅಲ್ಲಿ ವಾಟರ್‌ಪ್ರೂಫ್, ಹರಡಿನವರೆಗೆ ಬರುವ ಬೂಟು ಬೇಕೇ ಬೇಕು, ಮೇಲೆ ಗೇಟರ್ (ಹಿಮ ಬೂಟಿನೊಳಗೆ ಹೋಗದಂತೆ ಕಾಲಿಗೆ ಸುತ್ತುವ ಕವಚ) ಕಟ್ಟಿಕೊಳ್ಳಿ.

ಅಂದರೆ ಎರಡು ಜೊತೆ ಬೇಕು. ಖರ್ಚು ಜಾಸ್ತಿ ಅನಿಸಿದರೆ ಘಟ್ಟಕ್ಕೆ ಅಗ್ಗದ್ದು ತಗೊಂಡು ದುಡ್ಡೆಲ್ಲ ಹಿಮದ ಬೂಟಿಗೆ ಹಾಕಿ.

ಅಂಗಡಿಗೆ ಸಂಜೆ ಹೋಗಿ, ಆಗ ಕಾಲು ಸ್ವಲ್ಪ ಊದಿರುತ್ತದೆ. ಚಾರಣದ ದಪ್ಪ ಕಾಲ್ಚೀಲ ಜೊತೆಗೆ ಒಯ್ಯಿರಿ. ದಾರ ಕಟ್ಟುವ ಮೊದಲು ಕಾಲನ್ನು ಮುಂದಕ್ಕೆ ತಳ್ಳಿದರೆ ಹಿಮ್ಮಡಿ ಹಿಂದೆ ಒಂದು ಬೆರಳು ಆರಾಮಾಗಿ ಹೋಗಬೇಕು. ದಾರ ಬಿಗಿದು ಮೆಟ್ಟಿಲು ಇಳಿಯಿರಿ. ಹೆಬ್ಬೆರಳು ತುದಿಗೆ ಬಡಿಯಿತಾ? ಬಿಟ್ಟುಬಿಡಿ. ಹತ್ತುವಾಗ ಏನೂ ಗೊತ್ತಾಗುವುದಿಲ್ಲ, ಇಳಿಯುವಾಗ ಪ್ರತಿ ಹೆಜ್ಜೆಗೂ ಉಗುರಿಗೆ ಪೆಟ್ಟು. ನನ್ನ ಎರಡು ಹೆಬ್ಬೆರಳಿನ ಉಗುರೂ ಹಾಗೇ ಕಪ್ಪಾಗಿ ಬಿದ್ದುಹೋದವು, ಹೊಸದು ಪೂರ್ತಿ ಬರಲು ವರ್ಷ ಹಿಡಿಯಿತು. ಬೂಟನ್ನು ನವೆಂಬರ್‌ನಲ್ಲೇ ತಗೊಂಡು ಒಂದು ತಿಂಗಳು ಓಡಾಡಿ.

ಹಳೇ ಬೂಟು ಮನೆಯಲ್ಲಿದ್ದರೆ ಒಂದು ಮಾತು. ನಾಲ್ಕೈದು ವರ್ಷ ಅಟ್ಟದಲ್ಲಿಟ್ಟಿದ್ದ ನನ್ನ ಬೂಟು ನೋಡಲು ಹೊಸದರ ಹಾಗಿತ್ತು. ಕುದುರೆಮುಖದ ದಾರಿಯಲ್ಲಿ ಒಂಟಿಮರ ಅನ್ನುವ ಜಾಗ ದಾಟಿದ ಮೇಲೆ ಬಲಗಾಲಿನ ಅಡಿ ಬಾಯಿ ಬಿಟ್ಟಿತು, ಮುಟ್ಟಿದರೆ ಒಳಗಿನ ಪದರ ಒಣಗಿದ ಬೆಲ್ಲದ ಹಾಗೆ ಪುಡಿಪುಡಿ. ಆ ಪದರ ಪಾಲಿಯುರೆಥೇನ್ ಅನ್ನುವ ಪ್ಲಾಸ್ಟಿಕ್ ಫೋಮ್, ಗಾಳಿಯ ತೇವಕ್ಕೆ ಸುಮ್ನೆ ಇಟ್ಟರೂ ಹಾಳಾಗುತ್ತದೆ. ಅಡಿಯನ್ನು ಎರಡೂ ಕೈಯಲ್ಲಿ ಹಿಡಿದು ಬಗ್ಗಿಸಿ, ಪಕ್ಕದಲ್ಲಿ ಸಣ್ಣ ಬಿರುಕು ಕಂಡರೂ ಹಾಕಬೇಡಿ.

ನಿಮ್ಮ ಪಾದ ಮುಂದೆ ಅಗಲವಾ ಅಂತ ತಿಳಿಸಿ. ಅಗಲ ಇದ್ದರೆ ಉದ್ದದ ಸೈಜು ಹೆಚ್ಚಿಸಬೇಡಿ, ಅಗಲದ ಅಚ್ಚಿನದ್ದೇ ಕೇಳಿ.