ಬೆಂಕಿಯ ನಡುವೆ ಗಾಳಿಯ ಓಣಿ

ಪ್ರಶ್ನೆ: ಹಿಂದೆ ಅಮೆರಿಕದ ವಾಯುಪಡೆಯು ಉರಿಯುವ ವಿಮಾನಗಳ ಬಳಿಗೆ ಹೆಲಿಕಾಪ್ಟರ್ ಕಳಿಸುತ್ತಿತ್ತೆಂದು ಓದಿದೆ. ಅದರ ಗಾಳಿಗೆ ಬೆಂಕಿ ಇನ್ನಷ್ಟು ಭುಗಿಲೇಳುವುದಿಲ್ಲವೇ?

ಉತ್ತರ: ನಿಮ್ಮ ಸಂದೇಹ ಸಹಜವಾದುದೇ. ನೀವು ಓದಿರುವುದು ಕಾಮನ್ (Kaman) ಎಂಬ ಕಂಪನಿಯ ಎಚ್‌-43 ಹಸ್ಕಿಯ ವಿಚಾರವಿರಬೇಕು. 1950ರ ದಶಕದ ಕೊನೆಯಲ್ಲಿ ವಾಯುಪಡೆಗೆ ಸೇರಿದ ಇದಕ್ಕೆ ಬಾಲದ ರೋಟರ್ (ಅಲಗುಗಳಿರುವ, ಗಿರಗಿರ ತಿರುಗುವ ಭಾಗ) ಇರಲಿಲ್ಲ. ಬದಲಿಗೆ ನೆತ್ತಿಯ ಮೇಲೆ ಓರೆಯಾಗಿ ನಿಂತ ಎರಡು ರೋಟರ್‌ಗಳು, ಒಂದರ ಅಲಗುಗಳ ನಡುವೆ ಇನ್ನೊಂದರ ಅಲಗುಗಳು ಹಾಯುವಂತೆ, ವಿರುದ್ಧ ದಿಕ್ಕಿನಲ್ಲಿ ತಿರುಗುತ್ತಿದ್ದವು. ಅಪಘಾತದ ಕರೆ ಬಂದೊಡನೆ ಅದು ನೀರು ಮತ್ತು ನೊರೆದ್ರಾವಣ ತುಂಬಿದ, ಸುಮಾರು 450 ಕಿಲೋ ತೂಕದ ಗುಂಡನೆಯ ತೊಟ್ಟಿಯನ್ನು (ಸಿಬ್ಬಂದಿಯ ಬಾಯಲ್ಲಿ ಅದು, ಮೊದಲ ಕೃತಕ ಉಪಗ್ರಹದ ಹೆಸರಿನಂತೆ, ಸ್ಪುಟ್ನಿಕ್!) ಹೊಟ್ಟೆಯಡಿಯ ಕೊಕ್ಕೆಗೆ ನೇತುಹಾಕಿಕೊಂಡು ಹಾರಿ, ತೊಟ್ಟಿಯನ್ನೂ ಇಬ್ಬರು ಅಗ್ನಿಶಾಮಕರನ್ನೂ ಬೆಂಕಿಯ ಸಮೀಪ ಇಳಿಸುತ್ತಿತ್ತು.

ಇನ್ನು ಗಾಳಿಯ ಮಾತು. ಪೈಲಟ್ ಹೆಲಿಕಾಪ್ಟರನ್ನು ಸರಿಯಾದ ಎತ್ತರದಲ್ಲಿ ನಿಲ್ಲಿಸಿದಾಗ, ರೋಟರ್‌ಗಳು ಕೆಳಕ್ಕೊತ್ತಿದ ಗಾಳಿ ನೆಲಕ್ಕೆ ಬಡಿದು ಮುಂದೆ ಹರಡಿ, ಜ್ವಾಲೆಯನ್ನೂ ಹೊಗೆಯನ್ನೂ ಆಚೆ ತಳ್ಳಿ, ಉರಿಯ ನಡುವೆ ಒಂದು ಓಣಿಯನ್ನು ತೆರೆಯುತ್ತಿತ್ತು. ಅಗ್ನಿಶಾಮಕರು ನೊರೆ ಹಾಯಿಸುತ್ತಾ ಆ ಓಣಿಯಲ್ಲೇ ನುಗ್ಗಿ, ಕಾಕ್‌ಪಿಟ್‌ನಲ್ಲಿ ಸಿಲುಕಿದವರನ್ನು ಹೊರಗೆಳೆಯುತ್ತಿದ್ದರು. ದೊಡ್ಡ ಬೆಂಕಿಯನ್ನು ಪೂರ್ತಿ ಆರಿಸುವಷ್ಟು ನೊರೆ ಆ ತೊಟ್ಟಿಯಲ್ಲಿ ಇರುತ್ತಲೇ ಇರಲಿಲ್ಲ. ಆ ಕೆಲಸ ಹಿಂದಿನಿಂದ ಬರುವ ಅಗ್ನಿಶಾಮಕ ವಾಹನಗಳದಾಗಿತ್ತು.